24 ಗಂಟೆ ಒಬ್ಬನೇ ಓಡಿಸೋದು ಹುಚ್ಚಾ? ಎಂಡ್ಯೂರೆನ್ಸ್ ರೇಸ್‌ನ ಹಳೇ ಕಥೆಗಳು

ಹಳೇಕಾರ್ಬ್ಯುರೇಟರ್:
ಎಂಡ್ಯೂರೆನ್ಸ್ ರೇಸ್, ಅಂದರೆ ಗಂಟೆಗಟ್ಟಲೆ ಓಡುವ ರೇಸ್, ಅಂದ ಕೂಡಲೇ ಎಲ್ಲರಿಗೂ ಫ್ರಾನ್ಸಿನ ಲೆ ಮಾನ್ಸ್ ಊರಿನ ಕಾರುಗಳೇ ನೆನಪಾಗುತ್ತವೆ. ಫೋರ್ಡ್, ಫೆರಾರಿ, ಪೋರ್ಷೆ. ಇರಲಿ, ನನಗೂ ಇಷ್ಟವೇ. ಆದರೆ ಅಲ್ಲಿ ಕಾರುಗಳು ಮೊದಲ ಸಲ 24 ಗಂಟೆ ಓಡಿದ್ದು 1923ರ ಮೇ ತಿಂಗಳಲ್ಲಿ. ಅದಕ್ಕಿಂತ ಒಂದು ವರ್ಷ ಮೊದಲೇ, 1922ರಲ್ಲಿ, ಪ್ಯಾರಿಸ್ ಹತ್ತಿರದ ವೋಜೂರ್‌ನಲ್ಲಿ ಬೈಕಿನವರು ಆ ಕೆಲಸ ಮಾಡಿ ಮುಗಿಸಿದ್ದರು. ರೇಸಿನ ಹೆಸರು ಬೋಲ್ ದೋರ್. ಚಿನ್ನದ ಬಟ್ಟಲು ಅಂತ ಅರ್ಥ. ಅದೇ ಹೆಸರಲ್ಲಿ 1890ರ ದಶಕದಲ್ಲೇ 24 ಗಂಟೆಯ ಸೈಕಲ್ ರೇಸ್ ಇತ್ತು. ಯೂಜೀನ್ ಮೋವ್ ಎಂಬಾತ ಆ ಹೆಸರನ್ನು ಮೋಟಾರಿಗೆ ತಂದ.

ಮುಖ್ಯ ವಿಷಯ ಇದು: ಬೋಲ್ ದೋರ್‌ನ ರೂಲ್ ಪ್ರಕಾರ ಒಂದು ಗಾಡಿಗೆ ಒಬ್ಬನೇ ಸವಾರ. 24 ಗಂಟೆಯೂ ಅವನೇ. ಟೋನಿ ಝಿಂಡ್ ಎಂಬಾತ 500 ಸಿಸಿ ಮೋಟೋಸಾಕೋಶ್ ಬೈಕ್ ಮೇಲೆ 1,200 ಕಿ.ಮೀ.ಗಿಂತ ಜಾಸ್ತಿ ಓಡಿಸಿ ಗೆದ್ದ. ಮಣ್ಣಿನ ರಸ್ತೆ, ಆ ಕಾಲದ ದೀಪ, ಹಿಂದೆ ಸಸ್ಪೆನ್ಶನ್ ಅನ್ನೋದೇ ಇಲ್ಲ. ಈ ಪದ್ಧತಿ 1953ರ ತನಕ ನಡೆಯಿತು. ಇಬ್ಬರು ಸವಾರರು ಬಂದದ್ದು 1954ರಿಂದ.

ಈಗ ಕಾರಿನ ಕಡೆ ಬನ್ನಿ. 1952ರ ಲೆ ಮಾನ್ಸ್. ಪಿಯರ್ ಲೆವೆಗ್ ತನ್ನ ಟಾಲ್ಬೋ-ಲಾಗೋ ಕಾರನ್ನು ಜೊತೆಗಾರ ರೆನೆ ಮಾರ್ಶಾಂಗೆ ಕೊಡದೆ, ಹೆಚ್ಚುಕಮ್ಮಿ 23 ಗಂಟೆ ಒಬ್ಬನೇ ಓಡಿಸಿದ. ದೊಡ್ಡ ಅಂತರದಲ್ಲಿ ಮುಂದಿದ್ದ. ಕೊನೆಯ ಗಂಟೆಯಲ್ಲಿ ಎಂಜಿನ್ ಹೋಯಿತು. ಮರ್ಸಿಡಿಸ್ ಗೆದ್ದಿತು. ಅವತ್ತಿಂದ ಇವತ್ತಿನ ತನಕ ಅವನನ್ನು ಹಟಮಾರಿ, ಅಹಂಕಾರಿ ಅಂತಲೇ ಬರೆಯುತ್ತಾರೆ. ಮುಂದಿನ ವರ್ಷ ಗುಸ್ತಾವ್ ಲೆಫೆವ್ರ್ ನಾರ್ಟನ್ ಬೈಕ್ ಮೇಲೆ 24 ಗಂಟೆ ಒಬ್ಬನೇ ಕೂತು ಬೋಲ್ ದೋರ್ ಗೆದ್ದ. ಅವನು ವೀರ! ಮಾಡಿದ ಕೆಲಸ ಒಂದೇ, ಅಲ್ವಾ?

ನನ್ನ ಪ್ರಕಾರ ಲೆವೆಗ್‌ಗೆ ಅನ್ಯಾಯ ಆಗಿದೆ. ನಿಮ್ಮ ಅಭಿಪ್ರಾಯ ಹೇಳಿ.

ಚೈನ್_ಸ್ಪ್ರಾಕೆಟ್:
ಒಂದೇ ಅಲ್ಲ ಗುರು. ಲೆಫೆವ್ರ್‌ಗೆ ಬೇರೆ ದಾರಿ ಇರಲಿಲ್ಲ, ರೂಲೇ ಹಾಗಿತ್ತು. ಲೆವೆಗ್‌ಗೆ ಇತ್ತು. ಪಿಟ್‌ನಲ್ಲಿ (ಗಾಡಿ ನಿಲ್ಲಿಸಿ ಪೆಟ್ರೋಲ್, ಟೈರ್ ಹಾಕುವ ಜಾಗ) ಹೆಲ್ಮೆಟ್ ಹಾಕಿಕೊಂಡು ಒಬ್ಬ ಕಾಯುತ್ತಿದ್ದ. ಅವನಿಗೆ ಎರಡು ಗಂಟೆ ಕೊಟ್ಟಿದ್ದರೆ ರೇಸ್ ಗೆಲ್ಲುತ್ತಿದ್ದರು.

ಸುಮ್ನೆ_ಓದುಗ:
24 ಗಂಟೆ ರೇಸ್ ಕೂತು ನೋಡೋಕೆ ಯಾರಿಗೆ ಪುರುಸೊತ್ತಿದೆ ಮಾರಾಯ್ರೆ? ಎರಡು ಗಂಟೆಯ ಎಫ್1 ನೋಡುವಾಗಲೇ ನನಗೆ ನಿದ್ದೆ ಬರುತ್ತದೆ.

ರಾತ್ರಿಪಾಳಿ:
ಟೆಸ್ಟ್ ಮ್ಯಾಚನ್ನು ಐದು ದಿನ ನೋಡುವ ದೇಶದಲ್ಲಿ ಕೂತು ಈ ಮಾತಾ? ಪೂರ್ತಿ ನೋಡಬೇಕಾಗಿಲ್ಲ. ರಾತ್ರಿ ಒಂದಿಷ್ಟು, ಬೆಳಿಗ್ಗೆ ಎದ್ದು ಒಂದಿಷ್ಟು. ಮಲಗುವಾಗ ಮುಂದಿದ್ದ ಗಾಡಿ ಏಳುವಾಗ ಗ್ಯಾರೇಜಿನಲ್ಲಿ ಬಾನೆಟ್ ಎತ್ತಿಕೊಂಡು ನಿಂತಿರುತ್ತದೆ. ಅದೇ ಮಜಾ.

ವಿಷಯಕ್ಕೆ ಬರೋಣ. ನಾನು ಓಪಿ (ಥ್ರೆಡ್ ಶುರು ಮಾಡಿದವರು) ಕಡೆ. ಲೆವೆಗ್‌ಗಿಂತ ಎರಡೇ ವರ್ಷ ಮೊದಲು, 1950ರಲ್ಲಿ, ಲೂಯಿ ರೋಸಿಯೇ ಇದೇ ಟಾಲ್ಬೋ-ಲಾಗೋದಲ್ಲಿ ಲೆ ಮಾನ್ಸ್ ಗೆದ್ದ. ಜೊತೆಗಾರ ಅವನ ಮಗ. ಮಗ ಓಡಿಸಿದ್ದು ಎರಡೇ ಲ್ಯಾಪ್! ಉಳಿದದ್ದೆಲ್ಲ ಅಪ್ಪ. ಮಧ್ಯದಲ್ಲಿ ರಾಕರ್ ಶಾಫ್ಟ್ ಹೋದಾಗ ತಾನೇ ಪಾನಾ ಹಿಡಿದು ಬದಲಾಯಿಸಿ ಮತ್ತೆ ಹೊರಟ. ಅದೇ ರೇಸಿನಲ್ಲಿ ಎಡ್ಡಿ ಹಾಲ್ ಎಂಬ ಇಂಗ್ಲಿಷಿನವನು ಹಳೇ ಬೆಂಟ್ಲಿಯನ್ನು ಪೂರ್ತಿ 24 ಗಂಟೆ ಒಬ್ಬನೇ ಓಡಿಸಿ ಎಂಟನೆಯವನಾದ. ರೋಸಿಯೇ ಮಾಡಿದ್ದನ್ನು ನೋಡಿದ ಲೆವೆಗ್‌ಗೆ ನಾನೂ ಮಾಡಬಹುದು ಅನ್ನಿಸಿದರೆ ಅದರಲ್ಲಿ ಹುಚ್ಚೇನಿದೆ? ಗೆದ್ದಿದ್ದರೆ ಅವನಿಗೂ ಹಾರ ಹಾಕುತ್ತಿದ್ದರು. ಸೋತ, ಅದಕ್ಕೇ ಬೈಗುಳ.

ತುಲೂಸ್_ಕನ್ನಡಿಗ:
ಮೊದಲು ಒಂದು ಚಿಕ್ಕ ತಿದ್ದುಪಡಿ. ಬೈಯಬೇಡಿ 🙂 ಇಲ್ಲಿ ಫ್ರಾನ್ಸ್‌ನಲ್ಲಿ ಯಾರೂ ಲೆ ಮಾನ್ಸ್ ಅನ್ನುವುದಿಲ್ಲ. ಲ ಮಾಂ. ಕೊನೆಯ ಅಕ್ಷರಗಳನ್ನೆಲ್ಲ ನುಂಗಿಬಿಡುತ್ತಾರೆ. ಬಂದ ಹೊಸದರಲ್ಲಿ ಸ್ಟೇಷನ್ ಕೌಂಟರಿನಲ್ಲಿ "ಲೆ ಮಾನ್ಸ್‌ಗೆ ಟಿಕೆಟ್ ಕೊಡಿ" ಅಂತ ಮೂರು ಸಲ ಕೇಳಿ ಬೆಪ್ಪಾಗಿದ್ದೇನೆ.

ನಾನು ಹೋಗಿದ್ದು ಕಾರಿನ ರೇಸಿಗಲ್ಲ, ಬೈಕಿನದಕ್ಕೆ. ಇಲ್ಲಿ ಅದಕ್ಕೆ 24 ಅರ್ ಮೋಟೋ ಅಂತ ಹೆಸರು. ಬೋಲ್ ದೋರ್ 1978ರಲ್ಲಿ ಲ ಮಾಂ ಬಿಟ್ಟು ದಕ್ಷಿಣದ ಪಾಲ್ ರಿಕಾರ್ ಸರ್ಕೀಟ್‌ಗೆ ಹೋಯಿತು. ಖಾಲಿ ಬಿದ್ದ ಜಾಗದಲ್ಲಿ ಊರಿನವರು ಅದೇ ವರ್ಷ ತಮ್ಮದೇ ರೇಸ್ ಶುರು ಮಾಡಿದರು. ಕಾರುಗಳು ಓಡುವ 13 ಕಿ.ಮೀ. ಚಿಲ್ಲರೆಯ ರಸ್ತೆ ಸರ್ಕೀಟ್ ಇದಕ್ಕಿಲ್ಲ. ನಾಲ್ಕು ಕಿ.ಮೀ. ಚಿಲ್ಲರೆಯ ಬುಗಾಟಿ ಸರ್ಕೀಟ್‌ನಲ್ಲಿ ಬೈಕ್ ಓಡುತ್ತವೆ.

ಏಪ್ರಿಲ್ ತಿಂಗಳು. ನಮ್ಮಲ್ಲಿ ಬೆಂಕಿ ಬಿಸಿಲು, ಇಲ್ಲಿ ರಾತ್ರಿ ಹಲ್ಲು ಕಟಕಟ. ಟೆಂಟ್ ಹಾಕಿದವರು ಮಲಗುವುದೇ ಇಲ್ಲ. ಹಳೇ ಎಂಜಿನ್‌ಗಳನ್ನು ನಿಲ್ಲಿಸಿಕೊಂಡು ಲಿಮಿಟರ್‌ಗೆ ತಾಗುವ ತನಕ ಆಕ್ಸಲರೇಟರ್ ತಿರುವುತ್ತಾ ಕೂರುತ್ತಾರೆ, ಬೆಳಗಿನ ತನಕ. ಟ್ರ್ಯಾಕ್‌ನ ಸದ್ದಿಗಿಂತ ಟೆಂಟಿನ ಸದ್ದೇ ಜಾಸ್ತಿ. ರಾತ್ರಿ ಮೂರಕ್ಕೆ ಬೇಲಿ ಪಕ್ಕ ನಿಂತಿದ್ದೆ. ಒಂದು ದೀಪ ಬರುತ್ತದೆ, ಒರಗುತ್ತದೆ, ಹೋಗುತ್ತದೆ. ಮುಖ ಕಾಣುವುದಿಲ್ಲ. ನಂಬರ್ ಪ್ಲೇಟಿಗೆ ಒಂದು ಲೈಟ್, ಅಷ್ಟೆ. ಆ ಚಳಿಯಲ್ಲಿ ಒಂದು ಗಂಟೆ ಓಡಿಸಿ ಇಳಿದವನ ಕೈಬೆರಳು ನೆಟ್ಟಗಾಗುತ್ತಿರಲಿಲ್ಲ. ಮೂರು ಜನ ಸರದಿ ಮೇಲೆ ಓಡಿಸುವಾಗಲೇ ಈ ಕಥೆ. ಝಿಂಡ್, ಲೆಫೆವ್ರ್ ಹೇಗೆ ಓಡಿಸಿದರೋ ದೇವರಿಗೇ ಗೊತ್ತು.

ಹಳೇಕಾರ್ಬ್ಯುರೇಟರ್:
ಲ ಮಾಂ ಒಪ್ಪಿದೆ ಸರ್. ಆದರೆ ನನ್ನ ಬಾಯಿಗೆ ಲೆ ಮಾನ್ಸೇ ಬರೋದು, ಕ್ಷಮಿಸಿ. ಲೆಫೆವ್ರ್ ಬಗ್ಗೆ ಇನ್ನೊಂದು ಮಾತು: ಬೋಲ್ ದೋರನ್ನು ಒಟ್ಟು ಏಳು ಸಲ ಗೆದ್ದವನು ಅವನು.

ಸ್ಟೆಪ್ನಿ_ಹುಬ್ಬಳ್ಳಿ:
ಅಣ್ಣಾ, ನಾನು ಗ್ಯಾರೇಜಿನವನು. ನನಗೆ ಸವಾರನಿಗಿಂತ ಗಾಡಿ ಮುಖ್ಯ. 23 ಗಂಟೆ ಒಳ್ಳೇ ಓಡಿದ ಎಂಜಿನ್ ಕೊನೆಗೆ ಯಾಕೆ ಹೋಯಿತು? ಅದನ್ನು ಹೇಳಿರಿ ಮೊದಲು.

ಹಳೇಕಾರ್ಬ್ಯುರೇಟರ್:
ಎರಡು ಮಾತಿದೆ. ಒಂದು, ದಣಿದು ಗೇರ್ ತಪ್ಪು ಹಾಕಿದ, ಎಂಜಿನ್ ಓವರ್‌ರೆವ್ ಆಗಿ (ಮಿತಿ ಮೀರಿ ತಿರುಗಿ) ಕೆಳಗಿನ ಭಾಗ ಮುರಿಯಿತು. ಇನ್ನೊಂದು ಲೆವೆಗ್ ಕಡೆಯವರದ್ದು. ಎಂಜಿನ್‌ನಲ್ಲಿ ಬಹಳ ಹೊತ್ತಿನಿಂದ ವೈಬ್ರೇಶನ್ ಇತ್ತು, ಅದನ್ನು ಸಂಭಾಳಿಸಿ ಓಡಿಸಲು ತನ್ನೊಬ್ಬನಿಗೇ ಗೊತ್ತು ಅಂತಲೇ ಅವನು ಸೀಟು ಬಿಡಲಿಲ್ಲ. ಟ್ಯಾಕೋಮೀಟರ್ ಬೇರೆ ಕೆಟ್ಟಿತ್ತು. ಆರ್‌ಪಿಎಂ ಅನ್ನು ಕಿವಿಯಿಂದಲೇ ಅಳೆಯಬೇಕು.

ಸ್ಟೆಪ್ನಿ_ಹುಬ್ಬಳ್ಳಿ:
ಹಾಗಾದರೆ ಅವನು ಮಾಡಿದ್ದು ಸರಿ. ವೈಬ್ರೇಶನ್ ಇರುವ ಗಾಡಿಯನ್ನು ಬೇರೆಯವರ ಕೈಗೆ ಕೊಟ್ಟರೆ ಎರಡೇ ಕಿಲೋಮೀಟರ್. ನಮ್ಮ ಹತ್ತಿರ ರಿಪೇರಿಗೆ ಬರುವ ಹಳೇ ಯೆಜ್ಡಿಗಳನ್ನು ಓನರ್ ಓಡಿಸಿದರೆ ಓಡುತ್ತವೆ. ಟ್ರಯಲ್‌ಗೆ ಅಂತ ನಾನು ಹತ್ತಿದರೆ ಸಿಗ್ನಲ್‌ನಲ್ಲಿ ಬಂದ್. ಮೈಸೂರಿನ ಫ್ಯಾಕ್ಟರಿ ಬಾಗಿಲು ಹಾಕಿ ಇಷ್ಟು ವರ್ಷ ಆದರೂ ಅವುಗಳ ಸಿಟ್ಟು ಇಳಿದಿಲ್ಲ ನೋಡ್ರಿ.

ಚೈನ್_ಸ್ಪ್ರಾಕೆಟ್:
ಗ್ಯಾರೇಜ್ ನ್ಯಾಯ ಚೆನ್ನಾಗಿದೆ 😄 ಆದರೆ 23 ಗಂಟೆ ನಿದ್ದೆ ಇಲ್ಲದವನ ಕಿವಿಯನ್ನು ನಂಬುತ್ತೀರಾ? ಬೆಂಗಳೂರು–ಮುಂಬೈ ಬಸ್ಸಿಗೆ ಇಬ್ಬರು ಡ್ರೈವರ್ ಯಾಕೆ ಹಾಕುತ್ತಾರೆ? ಒಬ್ಬ "ಈ ಬಸ್ಸಿನ ಗೇರ್ ನನಗೊಬ್ಬನಿಗೇ ಗೊತ್ತು" ಅಂತ ಕೂತರೆ ನೀವು ಹತ್ತುತ್ತೀರಾ? ಈಗ ಲೆ ಮಾನ್ಸ್ ರೂಲ್ ಸ್ಪಷ್ಟ ಇದೆ. ಯಾವುದೇ ಆರು ಗಂಟೆಯ ಒಳಗೆ ಒಬ್ಬ ನಾಲ್ಕು ಗಂಟೆಗಿಂತ ಜಾಸ್ತಿ ಓಡಿಸುವಂತಿಲ್ಲ. ಒಟ್ಟು 14 ಗಂಟೆ ದಾಟುವಂತಿಲ್ಲ.

ಪಿಟ್‌ಬೋರ್ಡ್:
ಬೈಕಿನವರೇ ಮೊದಲು ಅನ್ನುವುದಕ್ಕೆ ನನ್ನ ಸಣ್ಣ ತಕರಾರು. ಅಮೆರಿಕದ ಒಹಾಯೋದ ಕೊಲಂಬಸ್‌ನಲ್ಲಿ 1905ರಲ್ಲೇ ಕಾರುಗಳ 24 ಗಂಟೆ ರೇಸ್ ಆಗಿತ್ತು. 1907ರಲ್ಲಿ ಇಂಗ್ಲೆಂಡಿನ ಬ್ರೂಕ್‌ಲ್ಯಾಂಡ್ಸ್ ಟ್ರ್ಯಾಕ್ ತೆರೆದಾಗ ಎಸ್.ಎಫ್. ಎಡ್ಜ್ ನೇಪಿಯರ್ ಕಾರಿನಲ್ಲಿ 24 ಗಂಟೆ ಒಬ್ಬನೇ 1,581 ಮೈಲಿ ಓಡಿಸಿದ. ಅಂದರೆ ಸುಮಾರು 2,544 ಕಿ.ಮೀ. ಅಕ್ಕಪಕ್ಕದ ಮನೆಯವರು ಗಲಾಟೆ ಮಾಡಿ ರಾತ್ರಿ ಓಡಿಸುವುದನ್ನೇ ನಿಲ್ಲಿಸಿಬಿಟ್ಟರು. ಆಮೇಲೆ 1929ರಲ್ಲಿ ಅಲ್ಲಿ ಏನು ಮಾಡಿದರು ಗೊತ್ತಾ? ಹಗಲು 12 ಗಂಟೆ ಓಡಿಸಿ, ರಾತ್ರಿ ಕಾರುಗಳನ್ನು ಬೀಗ ಹಾಕಿಟ್ಟು, ಮಾರನೇ ದಿನ ಮತ್ತೆ 12 ಗಂಟೆ. ಹೆಸರು ಡಬಲ್ ಟ್ವೆಲ್ವ್. ಅದನ್ನು 24 ಗಂಟೆ ರೇಸ್ ಅನ್ನುವುದಕ್ಕೆ ನನ್ನ ಮನಸ್ಸು ಒಪ್ಪಲ್ಲ. ರಾತ್ರಿಯೇ ಇಲ್ಲ ಅಂದ ಮೇಲೆ ಏನು ಉಳಿಯಿತು?

ಲೆ ಮಾನ್ಸ್ ಶುರುವಾದದ್ದೇ ರಾತ್ರಿಗೋಸ್ಕರ. ಕಾರಿನ ಹೆಡ್‌ಲೈಟ್, ಡೈನಮೋ, ಸ್ಟಾರ್ಟರ್ ಎಲ್ಲ ಆಗ ನಂಬುವ ಹಾಗಿರಲಿಲ್ಲ. ಪತ್ರಕರ್ತ ಶಾರ್ಲ್ ಫಾರೂ, ಕ್ಲಬ್ಬಿನ ಜಾರ್ಜ್ ದ್ಯುರಾಂ, ಎಮಿಲ್ ಕೊಕೀಯ್ ಎಂಬ ಚಕ್ರ ಮಾರುವ ಕಂಪನಿಯವನು, ಈ ಮೂವರು 1922ರ ಪ್ಯಾರಿಸ್ ಕಾರ್ ಶೋದಲ್ಲಿ ಕೂತು ಯೋಜನೆ ಹಾಕಿದರು. ಕೊಕೀಯ್ ದುಡ್ಡು ಕೊಟ್ಟ, ಕಪ್ ಕೊಟ್ಟ. ಅವನ ಕಂಪನಿ ರಡ್ಜ್-ವಿಟ್‌ವರ್ತ್. ಅದು ಇಂಗ್ಲೆಂಡಿನಲ್ಲಿ ಮೋಟರ್‌ಸೈಕಲ್ ಮಾಡುತ್ತಿದ್ದ ಕಂಪನಿ! ಓಪಿ ಇದನ್ನು ತಮ್ಮ ಖಾತೆಗೆ ಹಾಕಿಕೊಳ್ಳಬಹುದು.

1923ರಲ್ಲಿ 33 ಕಾರು ಹೊರಟು 30 ಮುಗಿಸಿದವು. ಈಗಿನ ಕಾಲಕ್ಕೂ ನಂಬೋಕಾಗದ ಲೆಕ್ಕ. ಲಗಾಶ್ ಮತ್ತು ಲೆಯೋನಾರ್ ಓಡಿಸಿದ ಶೆನಾರ್-ವಾಲ್ಕರ್ ಕಾರು ಎಲ್ಲರಿಗಿಂತ ಜಾಸ್ತಿ, 2,209 ಕಿ.ಮೀ. ಓಡಿತು. ಆದರೆ ನನಗೆ ಇಷ್ಟ ಬೆಂಟ್ಲಿಯ ಕಥೆ. ರಸ್ತೆಯ ಕಲ್ಲು ಹಾರಿ ಪೆಟ್ರೋಲ್ ಟ್ಯಾಂಕ್ ತೂತಾಯಿತು. ಓಡಿಸುತ್ತಿದ್ದ ಜಾನ್ ಡಫ್ ಕಾರು ಬಿಟ್ಟು ಕೆಲವು ಕಿಲೋಮೀಟರ್ ಓಡಿಕೊಂಡೇ ಪಿಟ್‌ಗೆ ಬಂದ. ಜೊತೆಗಾರ ಫ್ರಾಂಕ್ ಕ್ಲೆಮೆಂಟ್ ಯಾರದೋ ಸೈಕಲ್ ಇಸಿದುಕೊಂಡು, ಪೆಟ್ರೋಲ್ ಕ್ಯಾನ್ ನೇತುಹಾಕಿಕೊಂಡು ಕಾರಿನ ಹತ್ತಿರ ಹೋದ. ತೂತು ಮುಚ್ಚಿ, ಸೈಕಲನ್ನು ಹಿಂದೆ ಹಾಕಿಕೊಂಡು ಕಾರು ಓಡಿಸಿಕೊಂಡು ವಾಪಸ್ ಬಂದ. ಮುಂದಿನ ವರ್ಷ ಇವರಿಬ್ಬರೇ ಗೆದ್ದರು.

ರಾತ್ರಿಪಾಳಿ:
ಸೈಕಲ್ ವಾಪಸ್ ಕೊಟ್ಟರಾ?

ಪಿಟ್‌ಬೋರ್ಡ್:
ಕೊಟ್ಟಿರಬೇಕು ಅಂತ ನಂಬೋಣ 😄

ಸ್ಟೆಪ್ನಿ_ಹುಬ್ಬಳ್ಳಿ:
ಹಾಗಿದ್ದರೆ ಗ್ಯಾರೇಜಿನ ಕಡೆಯಿಂದ ಒಂದು ಪ್ರಶ್ನೆ. ಟಿವಿಯಲ್ಲಿ ನೋಡಿದ್ದೇನೆ. ಎಂಡ್ಯೂರೆನ್ಸ್ ಬೈಕ್ ಪಿಟ್‌ಗೆ ಬಂದು ಎರಡೂ ಚಕ್ರ ಬದಲಾಯಿಸಿಕೊಂಡು ಹತ್ತು-ಹದಿನೈದು ಸೆಕೆಂಡಿನಲ್ಲಿ ಹೊರಡುತ್ತದೆ. ನಮಗೆ ಹಿಂದಿನ ಚಕ್ರ ಬಿಚ್ಚಿ, ಚೈನ್ ಅಡ್ಜಸ್ಟ್ ಮಾಡಿ ಕೂರಿಸೋಕೆ ಚಹಾ ಆರಿಹೋಗುತ್ತದೆ. ಅವರು ಹೇಗೆ ಮಾಡುತ್ತಾರೆ?

ಹಳೇಕಾರ್ಬ್ಯುರೇಟರ್:
ಈ ಪ್ರಶ್ನೆಗೇ ಕಾಯುತ್ತಿದ್ದೆ! ಬಜಾಜ್ ಚೇತಕ್ ನೆನಪಿದೆಯಾ? ಚಕ್ರ ಒಂದೇ ಕಡೆ ಹಿಡಿದಿರುತ್ತದೆ. ನಟ್ ಬಿಚ್ಚಿ ಸ್ಟೆಪ್ನಿ ಹಾಕಿದರೆ ಮುಗಿಯಿತು. ಚೈನ್ ಮುಟ್ಟುವ ಕೆಲಸವೇ ಇಲ್ಲ. ರೇಸ್ ಬೈಕಿಗೆ ಇದೇ ಥರದ ಬುದ್ಧಿಯನ್ನು ತಂದವರಲ್ಲಿ ಮುಖ್ಯ ಆಂದ್ರೆ ದ ಕೊರ್ತಾಂಜ್. ಆತ ಮೂಲತಃ ಕಾರಿನ ಎಂಜಿನಿಯರ್, ರೆನೋದಲ್ಲಿದ್ದ. ಎಲ್ಫ್ ಎಂಬ ಎಣ್ಣೆ ಕಂಪನಿಯ ದುಡ್ಡಿನಲ್ಲಿ 1978ರಲ್ಲಿ ಒಂದು ವಿಚಿತ್ರ ಬೈಕ್ ಮಾಡಿದ. ಮಾಮೂಲಿ ಫೋರ್ಕ್ ಇಲ್ಲ, ಮಾಮೂಲಿ ಫ್ರೇಮ್ ಇಲ್ಲ. 80ರ ದಶಕದ ಶುರುವಿನಲ್ಲಿ ಹೋಂಡಾ ಎಂಡ್ಯೂರೆನ್ಸ್ ಎಂಜಿನ್ ಹಾಕಿಕೊಂಡು ಆ ಬೈಕ್ ದೊಡ್ಡ ರೇಸುಗಳಿಗೆ ಬಂತು. ಮಿಂಚಿನ ಗೆಲುವೇನೂ ಸಿಗಲಿಲ್ಲ. ಆದರೆ ಅದರ ಒಂದೇ ಕೈಯ ಸ್ವಿಂಗ್‌ಆರ್ಮ್ (ಹಿಂದಿನ ಚಕ್ರ ಹಿಡಿಯುವ ತೋಳು) ಹೋಂಡಾ ಕಣ್ಣಿಗೆ ಬಿತ್ತು. ಅವರು ಹಕ್ಕು ಪಡೆದು 1985ರ ಆರ್‌ವಿಎಫ್750 ರೇಸ್ ಬೈಕಿಗೆ ಹಾಕಿದರು. 1987ರಲ್ಲಿ ಆರ್‌ಸಿ30 ಅನ್ನುವ ರಸ್ತೆ ಬೈಕಿನಲ್ಲೂ ಅದು ಬಂತು. ಚೈನ್, ಸ್ಪ್ರಾಕೆಟ್ ತಮ್ಮ ಪಾಡಿಗೆ ಇರುತ್ತವೆ, ಚಕ್ರ ಮಾತ್ರ ಹೊರಗೆ. ಇವತ್ತು ಶೋರೂಮಿನಲ್ಲಿ ಒಂದೇ ಕೈಯ ಸ್ವಿಂಗ್‌ಆರ್ಮ್ ನೋಡಿ ಹುಡುಗರು ಫೋಟೋ ತೆಗೆಸಿಕೊಳ್ಳುತ್ತಾರೆ. ಅದು ಶೋಕಿಗೆ ಹುಟ್ಟಿದ್ದಲ್ಲ, ಪಿಟ್‌ನಲ್ಲಿ ಸೆಕೆಂಡ್ ಉಳಿಸೋಕೆ ಹುಟ್ಟಿದ್ದು.

ಎಲ್ಲರೂ ಅದನ್ನೇ ಬಳಸುವುದಿಲ್ಲ, ಎರಡು ಕೈಯದ್ದರಲ್ಲೂ ಈಗ ಬೇಗ ಬಿಚ್ಚುವ ವ್ಯವಸ್ಥೆ ಇದೆ. ಅಂದಹಾಗೆ ದ ಕೊರ್ತಾಂಜ್ ಆಮೇಲೆ ಕಾರಿಗೇ ವಾಪಸ್ ಹೋಗಿ ಪೂಜೋ 905 ಮೇಲೆ ಕೆಲಸ ಮಾಡಿದ. ಅದು 1992 ಮತ್ತು 93ರ ಲೆ ಮಾನ್ಸ್ ಗೆದ್ದಿತು.

ಸ್ಟೆಪ್ನಿ_ಹುಬ್ಬಳ್ಳಿ:
ಚೇತಕ್! ಹೌದ್ರೀ, ಹೌದು. ನಮ್ಮಪ್ಪ ಸ್ಕೂಟರ್ ರಿಪೇರಿ ಮಾಡುತ್ತಿದ್ದ ಕಾಲದಲ್ಲಿ ನಾನು ಐದನೇ ಕ್ಲಾಸ್. ಸ್ಟೆಪ್ನಿ ಬದಲಾಯಿಸುವ ಕೆಲಸ ನನ್ನದೇ. ನನ್ನ ಹೆಸರು ಬಂದದ್ದೂ ಹಾಗೆ.

ಕಾಫಿತೋಟ_ಅಕ್ಕ:
ಬೈಕ್ ವಿಷಯದಲ್ಲಿ ಸುಝುಕಾ 8 ಅವರ್ಸ್ ಬಿಟ್ಟರೆ ಹೇಗೆ? 24 ಗಂಟೆ ಅಲ್ಲ ಅಂತ ತಳ್ಳಿಹಾಕಬೇಡಿ. ಜಪಾನಿನ ಬೇಸಿಗೆ, ಬೆವರು ಆರದ ಸೆಕೆ. ಸವಾರರು ಪಿಟ್‌ಗೆ ಬಂದರೆ ನೀರಿನ ತೊಟ್ಟಿಯಲ್ಲಿ ಕೂರುತ್ತಾರೆ. ಸುಝುಕಾ ಹೋಂಡಾ ಕಟ್ಟಿದ ಟ್ರ್ಯಾಕ್. 1978ರ ಮೊದಲ ರೇಸಿಗೆ ಹೋಂಡಾ ತನ್ನ ಆರ್‌ಸಿಬಿ ಬೈಕ್‌ಗಳನ್ನು ಇಳಿಸಿತು. ಯೂರೋಪಿನಲ್ಲಿ ಎದುರಾಳಿಯೇ ಇಲ್ಲದ ಹಾಗೆ ಗೆಲ್ಲುತ್ತಿದ್ದ ಬೈಕ್ ಅದು. ಗೆದ್ದವರು ಯಾರು? ಯೋಶಿಮುರಾ ಎಂಬ ಟ್ಯೂನರ್ ಸಿದ್ಧಮಾಡಿದ ಸುಝುಕಿ ಜಿಎಸ್1000. ವೆಸ್ ಕೂಲಿ, ಮೈಕ್ ಬಾಲ್ಡ್‌ವಿನ್ ಸವಾರರು. ಮನೆಯೊಳಗೇ ಬಂದು ಮನೆ ಯಜಮಾನನ ಮರ್ಯಾದೆ ತೆಗೆದರು!

1985ರದ್ದು ನೆನೆಸಿಕೊಂಡರೆ ಇನ್ನೂ ಹೊಟ್ಟೆ ಉರಿಯುತ್ತದೆ. ಕೆನ್ನಿ ರಾಬರ್ಟ್ಸ್ ಮತ್ತು ತದಾಹಿಕೊ ತೈರಾ, ಯಮಹಾ. ಶುರುವಿನಲ್ಲಿ ಬೈಕ್ ಸ್ಟಾರ್ಟ್ ಆಗಲಿಲ್ಲ. ಎಲ್ಲರೂ ಹೋದ ಮೇಲೆ ಹೊರಟು, ಒಬ್ಬೊಬ್ಬರನ್ನೇ ದಾಟಿ ಮುಂದೆ ಬಂದರು. ಇನ್ನೇನು ಅರ್ಧ ಗಂಟೆ ಇದೆ ಅನ್ನುವಾಗ ಬೈಕ್ ಕೆಟ್ಟು, ತೈರಾ ಜನರ ಕಣ್ಣೆದುರೇ ಬದಿಗೆ ತಂದು ನಿಲ್ಲಿಸಿದ. ಹೋಂಡಾ ಗೆದ್ದಿತು.

ಪಿಟ್‌ಬೋರ್ಡ್:
ಅಕ್ಕಾ, ಅದೇ ಥರ 2016ರ ಲೆ ಮಾನ್ಸ್. ಟೊಯೋಟಾ, ಕಜುಕಿ ನಕಾಜಿಮಾ. ಬಾಕಿ ಇದ್ದದ್ದು ಮೂರು ಚಿಲ್ಲರೆ ನಿಮಿಷ. ರೇಡಿಯೋದಲ್ಲಿ ಪವರ್ ಇಲ್ಲ ಅಂತ ಕೂಗಿದ. ಗೆಲುವಿನ ಗೆರೆ ದಾಟಿ, ಪಿಟ್ ಗೋಡೆ ಪಕ್ಕದಲ್ಲೇ ಕಾರು ನಿಂತಿತು. ಟರ್ಬೋದಿಂದ ಇಂಟರ್‌ಕೂಲರ್‌ಗೆ ಹೋಗುವ ಗಾಳಿ ಪೈಪಿನ ಒಂದು ಕನೆಕ್ಟರ್ ಕೈಕೊಟ್ಟಿತ್ತು. ಪೋರ್ಷೆಯವರಿಗೇ ತಾವು ಗೆದ್ದೆವು ಅಂತ ನಂಬಿಕೆ ಬರಲಿಲ್ಲ. ಇನ್ನೂ ಕೆಟ್ಟದ್ದು ಅಂದರೆ ಕೊನೆಯ ಲ್ಯಾಪ್‌ಗೆ ಆರು ನಿಮಿಷದ ಮಿತಿ ಇತ್ತು. ಅದು ಮೀರಿತು ಅಂತ ಟೊಯೋಟಾಕ್ಕೆ ಎರಡನೇ ಸ್ಥಾನವೂ ಸಿಗಲಿಲ್ಲ. ಪಟ್ಟಿಯಲ್ಲಿ ಹೆಸರೇ ಇಲ್ಲ!

ಸುಮ್ನೆ_ಓದುಗ:
ನಿದ್ದೆ ಬರುತ್ತದೆ ಅಂದಿದ್ದೆ, ಈಗ ರಾತ್ರಿ ಒಂದೂವರೆ ಆಯಿತು, ಇನ್ನೂ ಓದುತ್ತಿದ್ದೇನೆ. ನಮ್ಮವರು ಯಾರಾದರೂ ಹೋಗಿದ್ದಾರಾ ಅಲ್ಲಿಗೆ?

ಪಿಟ್‌ಬೋರ್ಡ್:
ಲೆ ಮಾನ್ಸ್ 24ರಲ್ಲಿ ಓಡಿಸಿದ ಮೊದಲ ಭಾರತೀಯ ಚೆನ್ನೈನ ಕರುಣ್ ಚಂದೋಕ್, 2012ರಲ್ಲಿ. ಒಟ್ಟಾರೆ ಆರನೇ ಸ್ಥಾನ. 2009ರಲ್ಲೇ ನಾರಾಯಣ್ ಕಾರ್ತಿಕೇಯನ್‌ಗೆ ಆಡಿ ಕಾರು ಸಿಕ್ಕಿತ್ತು. ರೇಸ್ ಶುರುವಾಗುವ ಮೊದಲು ಪಿಟ್ ಗೋಡೆಯಿಂದ ಬಿದ್ದು ಭುಜಕ್ಕೆ ಪೆಟ್ಟಾಗಿ ತಪ್ಪಿಹೋಯಿತು. ನಮ್ಮ ಬೆಂಗಳೂರಿನ ಅರ್ಜುನ್ ಮೈನಿ 2019ರಲ್ಲಿ ಎಲ್‌ಎಂಪಿ2 ಎಂಬ ಎರಡನೇ ದರ್ಜೆಯ ರೇಸ್ ಕಾರಿನಲ್ಲಿ ಓಡಿಸಿದ್ದಾರೆ.

ರಾತ್ರಿಪಾಳಿ:
ಸಿ.ಎಸ್. ಸಂತೋಷ್ ಮರೆತಿರಾ? ಬೆಂಗಳೂರಿನವರೇ. 2015ರಲ್ಲಿ ಡಕಾರ್ ಎಂಬ ದಿನಗಟ್ಟಲೆಯ ರೇಸ್ ಮುಗಿಸಿದ ಮೊದಲ ಭಾರತೀಯ.

ಚೈನ್_ಸ್ಪ್ರಾಕೆಟ್:
ಡಕಾರ್ ರ‍್ಯಾಲಿ ಗುರು, ಅದರ ಲೆಕ್ಕವೇ ಬೇರೆ. ಅಲ್ಲಿ ರಾತ್ರಿ ಮಲಗೋಕೆ ಬಿಡುತ್ತಾರೆ. ಅದಕ್ಕೆ ಇನ್ನೊಂದು ಥ್ರೆಡ್ ತೆಗೆಯಿರಿ, ನಾನೇ ಮೊದಲು ಬರುತ್ತೇನೆ.

ಬುಲೆಟ್ ಪ್ರಿಯರಿಗೆ ಮಾತ್ರ ಒಂದು ಕೊಸರು. 1961ರ ಮಾರ್ಚ್, ಫ್ರಾನ್ಸಿನ ಮೋಂಲೇರಿ ಟ್ರ್ಯಾಕ್. ವೆಲೋಸೆಟ್ ವೆನಮ್, 500 ಸಿಸಿ, ನಮ್ಮ ಬುಲೆಟ್ ಥರವೇ ಒಂದೇ ಸಿಲಿಂಡರ್. ಹಲವು ಸವಾರರು ಸರದಿಯಲ್ಲಿ ಓಡಿಸಿ 24 ಗಂಟೆಯೂ ಗಂಟೆಗೆ ಸರಾಸರಿ 100 ಮೈಲಿ ದಾಟಿಸಿದರು. ಗಂಟೆಗೆ 161 ಕಿ.ಮೀ.! ನಿಲ್ಲಿಸಿದ ಸಮಯವೂ ಸೇರಿ. ಬೈಕಿನಲ್ಲಿ ಅದನ್ನು ಮಾಡಿದ್ದು ಅದೇ ಮೊದಲು.

ತುಲೂಸ್_ಕನ್ನಡಿಗ:
ಲೆವೆಗ್ ಕಥೆ ಅರ್ಧಕ್ಕೆ ನಿಂತಿದೆ. ಯಾರೂ ಹೇಳದಿದ್ದರೆ ನಾನೇ ಹೇಳುತ್ತೇನೆ. 1952ರಲ್ಲಿ ಅವನನ್ನು ಸೋಲಿಸಿದ್ದು ಮರ್ಸಿಡಿಸ್. 1955ರಲ್ಲಿ ಅದೇ ಮರ್ಸಿಡಿಸ್ ಅವನಿಗೆ ಕಾರು ಕೊಟ್ಟಿತು. ಜೂನ್ 11, ಸಂಜೆ ಆರೂವರೆ ಹತ್ತಿರ. ಮೈಕ್ ಹಾಥಾರ್ನ್‌ನ ಜಾಗ್ವಾರ್ ಪಿಟ್‌ಗೆಂದು ನಿಧಾನ ಮಾಡಿತು. ಹಿಂದಿದ್ದ ಲ್ಯಾನ್ಸ್ ಮ್ಯಾಕ್ಲಿನ್ ತಪ್ಪಿಸಿಕೊಳ್ಳಲು ಪಕ್ಕಕ್ಕೆ ಎಳೆದ. ಅವನ ಹಿಂದೆ ಲೆವೆಗ್. ಡಿಕ್ಕಿ ಹೊಡೆದು ಕಾರು ಹಾರಿ, ಒಡೆದು, ಜನರ ಮೇಲೆ ಬಿತ್ತು. ಲೆವೆಗ್ ಮತ್ತು 80ಕ್ಕೂ ಹೆಚ್ಚು ಪ್ರೇಕ್ಷಕರು ಸತ್ತರು. ರೇಸ್ ನಿಲ್ಲಿಸಲಿಲ್ಲ. ಜನ ಒಟ್ಟಿಗೆ ಹೊರಟರೆ ಆಂಬುಲೆನ್ಸ್‌ಗೆ ದಾರಿ ಸಿಗುವುದಿಲ್ಲ ಅನ್ನುವುದು ಅವರು ಕೊಟ್ಟ ಕಾರಣ. ಮಧ್ಯರಾತ್ರಿ ದಾಟಿದ ಮೇಲೆ ಮರ್ಸಿಡಿಸ್, ಮುಂದೆ ಇದ್ದರೂ, ಉಳಿದ ಕಾರುಗಳನ್ನು ವಾಪಸ್ ಕರೆಯಿತು. ಸ್ವಿಟ್ಜರ್ಲೆಂಡ್ ಸರ್ಕೀಟ್ ರೇಸನ್ನೇ ನಿಷೇಧಿಸಿತು, ದಶಕಗಳ ಕಾಲ.

ಲ ಮಾಂನಲ್ಲಿ ಆ ಜಾಗದ ಹತ್ತಿರ ನಿಂತಾಗ ನನಗೆ ಪಿಟ್, ಟ್ರ್ಯಾಕ್, ಜನ ಎಲ್ಲ ಆಗ ಎಷ್ಟು ಹತ್ತಿರ ಇದ್ದಿರಬೇಕು ಅನ್ನಿಸಿತು. ಪಿಟ್‌ಗೂ ರಸ್ತೆಗೂ ನಡುವೆ ಗೋಡೆಯೇ ಇರಲಿಲ್ಲ.

ಕಾಫಿತೋಟ_ಅಕ್ಕ:
ಇದನ್ನು ಓದಿ ಸ್ವಲ್ಪ ಹೊತ್ತು ಏನೂ ಬರೆಯೋಕೆ ಆಗಲಿಲ್ಲ.

ಹಳೇ ಲೆ ಮಾನ್ಸ್ ಸ್ಟಾರ್ಟ್ ನಿಂತದ್ದೂ ಜೀವ ಹೋದ ಮೇಲೆಯೇ. ಚಾಲಕರು ರಸ್ತೆ ದಾಟಿ ಓಡಿ ಕಾರಿಗೆ ಹಾರುವ ಪದ್ಧತಿ. ಅವಸರದಲ್ಲಿ ಬೆಲ್ಟ್ ಹಾಕಿಕೊಳ್ಳುತ್ತಿರಲಿಲ್ಲ. 1969ರಲ್ಲಿ ಜ್ಯಾಕಿ ಇಕ್ಸ್ ಅದು ಅಪಾಯ ಅಂತ ತೋರಿಸೋಕೆ ನಿಧಾನಕ್ಕೆ ನಡೆದು ಹೋಗಿ, ಬೆಲ್ಟ್ ಬಿಗಿದು, ಕೊನೆಯವನಾಗಿ ಹೊರಟ. ಮೊದಲ ಲ್ಯಾಪ್‌ನಲ್ಲೇ ಜಾನ್ ವೂಲ್ಫ್ ಸತ್ತ, ಬೆಲ್ಟ್ ಹಾಕಿರಲಿಲ್ಲ. 24 ಗಂಟೆ ಆದ ಮೇಲೆ ಇಕ್ಸ್ ಗೆದ್ದದ್ದು ಸುಮಾರು 120 ಮೀಟರ್ ಅಂತರದಲ್ಲಿ! ಮುಂದಿನ ವರ್ಷದಿಂದ ಕಾರಿನವರು ಓಡುವುದನ್ನು ಬಿಟ್ಟರು. ಬೈಕಿನವರು ಮಾತ್ರ ಇವತ್ತಿಗೂ ಓಡುತ್ತಾರೆ. ಅವರಿಗೆ ಕಟ್ಟಿಕೊಳ್ಳೋಕೆ ಬೆಲ್ಟೇ ಇಲ್ಲವಲ್ಲ.

ಹಳೇಕಾರ್ಬ್ಯುರೇಟರ್:
ಎರಡು ದಿನ ಆಯಿತು, ಎಲ್ಲರ ಮಾತೂ ಓದಿದೆ. ಚೈನ್_ಸ್ಪ್ರಾಕೆಟ್ ಹೇಳಿದ ಬಸ್ ಡ್ರೈವರ್ ಉದಾಹರಣೆಗೆ ನನ್ನ ಹತ್ತಿರ ಉತ್ತರ ಇಲ್ಲ. ಅಹಂಕಾರಿ ಅನ್ನುವ ಮಾತು ಮಾತ್ರ ಈಗಲೂ ಒಪ್ಪಲ್ಲ. ಅವನ ಕಿವಿಗೆ ಆ ವೈಬ್ರೇಶನ್ ಕೇಳಿಸುತ್ತಿತ್ತು, ನಮಗೆ ಕೇಳಿಸುತ್ತಿಲ್ಲ.

ಚೈನ್_ಸ್ಪ್ರಾಕೆಟ್:
ಅರ್ಧ ಒಪ್ಪಂದ ಸಾಕು ನನಗೆ. ಆದರೆ ಮಾರ್ಶಾಂ ಬಗ್ಗೆ ಯೋಚಿಸಿ. ಇಡೀ ರಾತ್ರಿ ಪ್ರತಿ ಸಲ ಕಾರು ಪಿಟ್‌ಗೆ ಬಂದಾಗ ಎದ್ದು ನಿಂತಿರುತ್ತಾನೆ, ಈ ಸಲ ನನಗೆ ಕೊಡುತ್ತಾನೆ ಅಂತ. ಪೆಟ್ರೋಲ್ ತುಂಬುತ್ತಾರೆ, ಕಾರು ಹೊರಡುತ್ತದೆ.

ಸ್ಟೆಪ್ನಿ_ಹುಬ್ಬಳ್ಳಿ:
ಅವನು ಊಟ ಮಾಡಿದ್ದನೋ ಇಲ್ಲವೋ.